ಡಬಲ್ ಮಾಡಿಕೊಡುವವರ ಲೆಕ್ಕ: ಯಾವುದೇ ಸ್ಕೀಮಿಗೆ ದುಡ್ಡು ಹಾಕುವ ಮೊದಲು ಹೀಗೆ ಪರೀಕ್ಷೆ ಮಾಡಿ

ಗೊತ್ತಿರುವವರೇ ಯಾರೋ ಒಂದು ಸ್ಕೀಮ್ ಬಗ್ಗೆ ಹೇಳಿದ್ದಾರೆ. ಆರು ತಿಂಗಳ ಹಿಂದೆ ಒಂದು ಲಕ್ಷ ಹಾಕಿದ್ದಾರಂತೆ. ತಿಂಗಳು ತಿಂಗಳು ಹೇಳಿದ ತಾರೀಖಿಗೇ ಬಡ್ಡಿ ಅಕೌಂಟಿಗೆ ಬೀಳ್ತಿದೆ. ಬೇಕಾದರೆ ಪಾಸ್‌ಬುಕ್ ನೋಡಿ ಅಂತ ತೋರಿಸಿಯೂ ಆಯ್ತು. ಅವರು ಸುಳ್ಳು ಹೇಳುವ ಪೈಕಿ ಅಲ್ಲ. ಹಾಗಾದರೆ ನೀವೂ ಹಾಕಬಹುದಾ?

ಸುಮ್ನೆ ಹಾಕಬೇಡಿ. ಬಡ್ಡಿ ಸರಿಯಾಗಿ ಬರ್ತಿದೆ ಅನ್ನುವುದರಿಂದ ಸ್ಕೀಮ್ ಸಾಚಾ ಅಂತ ಏನೂ ಗೊತ್ತಾಗುವುದಿಲ್ಲ. ಮೋಸದ ಸ್ಕೀಮು ಶುರುವಿನಲ್ಲಿ ಬೇರೆ ಎಲ್ಲರಿಗಿಂತ ಚೊಕ್ಕವಾಗಿ ದುಡ್ಡು ಕೊಡುತ್ತದೆ. ಕೊಡದಿದ್ದರೆ ಅದು ನಡೆಯುವುದೇ ಇಲ್ಲ. ನೋಡಬೇಕಾದದ್ದು ಎರಡೇ: ಆ ಬಡ್ಡಿಯ ದುಡ್ಡು ಹುಟ್ಟುವುದು ಎಲ್ಲಿ, ಮತ್ತು ನಿಮ್ಮ ದುಡ್ಡು ಇಟ್ಟುಕೊಳ್ಳಲು ಅವರಿಗೆ ಪರ್ಮಿಷನ್ ಕೊಟ್ಟವರು ಯಾರು.

ಮೊದಲು ಪೊಂಜಿಯ ಕಥೆ ಗೊತ್ತಿರಲಿ

ಚಾರ್ಲ್ಸ್ ಪೊಂಜಿ ಇಟಲಿಯಿಂದ ಅಮೆರಿಕಕ್ಕೆ ಹೋದವನು. 1920ರಲ್ಲಿ ಬಾಸ್ಟನ್ ನಗರದಲ್ಲಿ ಒಂದು ಕಂಪನಿ ತೆರೆದ. 45 ದಿನಕ್ಕೆ ಶೇ 50 ಲಾಭ, 90 ದಿನಕ್ಕೆ ದುಡ್ಡು ಡಬಲ್ ಅಂದ.

ಅವನು ಹೇಳಿದ ವ್ಯವಹಾರ ಕೇಳಲು ಚೆನ್ನಾಗಿಯೇ ಇತ್ತು. ಆಗ ಅಂತರರಾಷ್ಟ್ರೀಯ ಉತ್ತರ ಕೂಪನ್ ಅಂತ ಬರುತ್ತಿತ್ತು. ಬೇರೆ ದೇಶಕ್ಕೆ ಪತ್ರ ಬರೆಯುವವರು ಅದನ್ನು ಲಕೋಟೆಯಲ್ಲಿ ಇಟ್ಟು ಕಳಿಸುತ್ತಿದ್ದರು. ಅಲ್ಲಿಯವರು ಅದನ್ನು ಅಂಚೆ ಕಚೇರಿಗೆ ಕೊಟ್ಟು, ಉತ್ತರಕ್ಕೆ ಬೇಕಾದ ಸ್ಟಾಂಪ್ ತೆಗೆದುಕೊಳ್ಳಬಹುದಿತ್ತು. ಮೊದಲ ಮಹಾಯುದ್ಧದ ನಂತರ ಇಟಲಿಯ ಹಣದ ಬೆಲೆ ಬಿದ್ದುಹೋಗಿತ್ತು, ಕೂಪನ್ ದರ ಮಾತ್ರ ಹಳೆಯದೇ ಇತ್ತು. ಹಾಗಾಗಿ ಅಲ್ಲಿ ಅಗ್ಗಕ್ಕೆ ಕೂಪನ್ ಕೊಂಡು ಅಮೆರಿಕದಲ್ಲಿ ಜಾಸ್ತಿ ಬೆಲೆಯ ಸ್ಟಾಂಪಿಗೆ ಬದಲಾಯಿಸಬಹುದಿತ್ತು. ಇಲ್ಲಿಯವರೆಗೆ ಸುಳ್ಳಿಲ್ಲ.

ಆ ವರ್ಷದ ಜುಲೈನಲ್ಲಿ ಬಾಸ್ಟನ್ ಪೋಸ್ಟ್ ಪತ್ರಿಕೆ, ಹಣಕಾಸು ಪತ್ರಕರ್ತ ಕ್ಲಾರೆನ್ಸ್ ಬ್ಯಾರನ್ ಅವರ ಹತ್ತಿರ ಇದರ ಲೆಕ್ಕ ಹಾಕಿಸಿತು. ಪೊಂಜಿ ಎತ್ತಿದ್ದ ಹಣಕ್ಕೆ ಸರಿಹೊಂದಬೇಕಾದರೆ 16 ಕೋಟಿ ಕೂಪನ್ ಚಲಾವಣೆಯಲ್ಲಿ ಇರಬೇಕಿತ್ತು. ಇದ್ದದ್ದು ಸುಮಾರು 27,000. ಬ್ಯಾರನ್ ಇನ್ನೊಂದನ್ನೂ ಗಮನಿಸಿದರು: ಪೊಂಜಿ ತನ್ನ ಸ್ವಂತ ದುಡ್ಡನ್ನು ತನ್ನ ಸ್ಕೀಮಿನಲ್ಲಿ ಇಟ್ಟಿರಲೇ ಇಲ್ಲ.

ಸುದ್ದಿ ಬಂದ ಮೇಲೆ ಜನ ಕಚೇರಿ ಮುಂದೆ ಜಮಾಯಿಸಿದರು. ಪೊಂಜಿ ಓಡಿಹೋಗಲಿಲ್ಲ. ಕಾಫಿ, ಡೋನಟ್ ಹಂಚಿದ. ಮೂರು ದಿನದಲ್ಲಿ ಸುಮಾರು 20 ಲಕ್ಷ ಡಾಲರ್ ವಾಪಸ್ ಕೊಟ್ಟ. ಇದನ್ನು ನೋಡಿ ಎಷ್ಟೋ ಜನ ‘ಕೇಳಿದವರಿಗೆ ಕೊಡ್ತಿದ್ದಾನಲ್ಲ’ ಅಂತ ತಮ್ಮ ದುಡ್ಡನ್ನು ಅಲ್ಲೇ ಬಿಟ್ಟು ಮನೆಗೆ ಹೋದರು. ಆಗಸ್ಟ್ 12ಕ್ಕೆ ಅವನ ಬಂಧನವಾಯಿತು. ಪಾಸ್‌ಬುಕ್ ನೋಡಿ ನಂಬುವವರು ಈ ಮೂರು ದಿನದ ಕಥೆಯನ್ನು ಇನ್ನೊಂದು ಸಲ ಓದಬೇಕು.

ಹಂತ 1: ಲಾಭ ಎಲ್ಲಿಂದ ಬರುತ್ತೆ ಅಂತ ಕೇಳಿ, ಕಾಗದದ ಮೇಲೆ ಲೆಕ್ಕ ಹಾಕಿ

ಬ್ಯಾರನ್ ಮಾಡಿದ್ದನ್ನೇ ನೀವೂ ಮಾಡಬಹುದು. ದೊಡ್ಡ ವಿದ್ಯೆ ಏನೂ ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ತಿಂಗಳಿಗೆ ಶೇ 10 ಕೊಡ್ತೀವಿ ಅಂದರು ಅಂದುಕೊಳ್ಳಿ. ಬಡ್ಡಿಯನ್ನು ಅಲ್ಲೇ ಬಿಡುತ್ತಾ ಹೋದರೆ 1 ಲಕ್ಷ ಒಂದು ವರ್ಷಕ್ಕೆ 3 ಲಕ್ಷದ 13 ಸಾವಿರ ದಾಟುತ್ತದೆ. ಐದು ವರ್ಷಕ್ಕೆ 3 ಕೋಟಿ ದಾಟುತ್ತದೆ. ಇಂಥ ವ್ಯವಹಾರ ನಿಜವಾಗಿ ಕೈಯಲ್ಲಿರುವವನು ಬ್ಯಾಂಕಿನಲ್ಲಿ ಮನೆ ಅಡ ಇಟ್ಟು ವರ್ಷಕ್ಕೆ ಶೇ 10-12ರ ಬಡ್ಡಿಗೆ ಸಾಲ ತೆಗೆದುಕೊಂಡು ಒಬ್ಬನೇ ಶ್ರೀಮಂತನಾಗಬಹುದು. ನಿಮ್ಮ ಮದುವೆ ದುಡ್ಡು, ನಿಮ್ಮ ಪಕ್ಕದ ಮನೆಯವರ ಪೆನ್ಷನ್ ದುಡ್ಡು ಅವನಿಗೆ ಯಾಕೆ ಬೇಕು? ಈ ಪ್ರಶ್ನೆಯನ್ನು ಬಾಯಿಬಿಟ್ಟೇ ಕೇಳಿ. ‘ಬಡವರೂ ಬೆಳೀಲಿ ಅಂತ ಸರ್’ ಅನ್ನುವ ಉತ್ತರ ಬಂದರೆ ಎದ್ದು ಬನ್ನಿ.

ಜನ ಸೇರಿಸುವ ಸ್ಕೀಮಾದರೆ ಲೆಕ್ಕ ಇನ್ನೂ ಸುಲಭ. ‘ನೀವು ಆರು ಜನರನ್ನು ಸೇರಿಸಿ, ಅವರು ತಲಾ ಆರು ಜನರನ್ನು ಸೇರಿಸ್ತಾರೆ’ ಅನ್ನುತ್ತಾರೆ. ಆರನ್ನು ಆರರಿಂದ ಗುಣಿಸುತ್ತಾ ಹೋಗಿ. ಹತ್ತನೇ ಸುತ್ತಿಗೆ ಹೊಸದಾಗಿ 6 ಕೋಟಿ 4 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಹಸುಗೂಸುಗಳೂ ಸೇರಬೇಕಾಗುತ್ತೆ, ಅಲ್ವಾ? ಹದಿಮೂರನೇ ಸುತ್ತಿಗೆ ಭೂಮಿಯ ಮೇಲಿರುವ ಜನ ಸಾಕಾಗುವುದಿಲ್ಲ.

ಆದರೆ ಬಡ್ಡಿ ಜಾಸ್ತಿ ಇದ್ದರೆ ಮಾತ್ರ ಮೋಸ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಬರ್ನಿ ಮೇಡಾಫ್ ತೋರಿಸುತ್ತಿದ್ದದ್ದು ತಿಂಗಳಿಗೆ ಶೇ 1ರ ಆಸುಪಾಸಿನ ಲಾಭ ಅಷ್ಟೇ. ಅವನ ಲಾಭ ಮಾರುಕಟ್ಟೆ ಏರಿದರೂ ಇಳಿದರೂ ಅಲುಗಾಡುತ್ತಿರಲಿಲ್ಲ, ಅನುಮಾನ ಹುಟ್ಟಬೇಕಿದ್ದದ್ದು ಅಲ್ಲಿ. ಅಷ್ಟು ದೊಡ್ಡ ವ್ಯವಹಾರದ ಲೆಕ್ಕ ತಪಾಸಣೆ ಮಾಡುತ್ತಿದ್ದದ್ದು ಮೂರೇ ಜನರ ಒಂದು ಸಣ್ಣ ಆಫೀಸು. ಹ್ಯಾರಿ ಮಾರ್ಕೊಪೊಲೊಸ್ ಎಂಬ ಹಣಕಾಸು ವಿಶ್ಲೇಷಕ 2000ನೇ ಇಸವಿಯಿಂದಲೇ ಇದು ಮೋಸ ಅಂತ ಅಲ್ಲಿನ ನಿಯಂತ್ರಣ ಸಂಸ್ಥೆಗೆ ಬರೆಯುತ್ತಾ ಬಂದರು. ಮೇಡಾಫ್ ಬಂಧನವಾದದ್ದು 2008ರ ಡಿಸೆಂಬರಿನಲ್ಲಿ. ಶೇರು, ಚಿನ್ನ, ಭೂಮಿ ಏನೇ ಇರಲಿ, ವ್ಯಾಪಾರ ಅಂದ ಮೇಲೆ ಒಂದು ತಿಂಗಳು ಮೇಲೆ, ಒಂದು ತಿಂಗಳು ಕೆಳಗೆ ಇರಲೇಬೇಕು.

ಹಂತ 2: ಗೋಡೆಯ ಮೇಲಿನ ಸರ್ಟಿಫಿಕೇಟ್ ಬಿಟ್ಟು ಅನುಮತಿ ಹುಡುಕಿ

ಆಫೀಸಿಗೆ ಹೋದರೆ ಗೋಡೆ ತುಂಬ ಫ್ರೇಮ್ ಹಾಕಿರುತ್ತಾರೆ. ಜಿಎಸ್‌ಟಿ ನೋಂದಣಿ, ಪ್ಯಾನ್, ಉದ್ಯಮ್ ಸರ್ಟಿಫಿಕೇಟ್, ಕಂಪನಿ ನೋಂದಣಿ ಪತ್ರ, ಐಎಸ್‌ಒ. ಎಲ್ಲವೂ ಅಸಲಿಯೇ ಇರಬಹುದು. ಆದರೆ ಇವುಗಳಲ್ಲಿ ಒಂದೂ ಜನರಿಂದ ಠೇವಣಿ ಪಡೆಯಲು ಅನುಮತಿ ಕೊಡುವುದಿಲ್ಲ. ಬೇಕರಿ ತೆರೆಯುವವರಿಗೂ ಇವೇ ಕಾಗದ ಸಿಗುತ್ತವೆ.

ಠೇವಣಿ ಅಂತ ದುಡ್ಡು ತೆಗೆದುಕೊಳ್ಳಲು ಆಗುವುದು ಕೆಲವರಿಗೆ ಮಾತ್ರ. ಬ್ಯಾಂಕು, ಅಂಚೆ ಕಚೇರಿ ನಿಮಗೆ ಗೊತ್ತು. ಉಳಿದವರ ಬಗ್ಗೆ ಹೀಗೆ ನೋಡಿ.

ಫೈನಾನ್ಸ್ ಕಂಪನಿ ಆದರೆ, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿದ್ದರೆ ಸಾಲದು. ಠೇವಣಿ ಪಡೆಯುವ ಅನುಮತಿ ಬೇರೆ, ಅದು ಕೆಲವೇ ಕಂಪನಿಗಳಿಗೆ ಇದೆ. ಹೆಸರುಗಳ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅನುಮತಿ ಇದ್ದವರೂ ವರ್ಷಕ್ಕೆ ಶೇ 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ. ಈ ಒಂದು ಅಂಕಿ ನೆನಪಿದ್ದರೆ ‘ರಿಸರ್ವ್ ಬ್ಯಾಂಕ್ ಅಪ್ರೂವ್ಡ್, ತಿಂಗಳಿಗೆ ಮೂರು ಪರ್ಸೆಂಟ್’ ಅನ್ನುವವರ ಮಾತು ಅಲ್ಲೇ ಮುಗಿಯಿತು. ರಿಸರ್ವ್ ಬ್ಯಾಂಕ್ ನಡೆಸುವ ‘ಸಚೇತ್’ ಪೋರ್ಟಲಿನಲ್ಲಿ ಸಂಸ್ಥೆಯ ಹೆಸರು ಹಾಕಿ ನೋಡಬಹುದು, ದೂರನ್ನೂ ಕೊಡಬಹುದು.

ಶೇರು, ಮ್ಯೂಚುವಲ್ ಫಂಡ್, ಟ್ರೇಡಿಂಗ್ ಸಲಹೆ ಅಂದರೆ ಶೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ನೋಂದಣಿ ಸಂಖ್ಯೆ ಕೇಳಿ. ಬ್ರೋಕರ್ ಆದರೆ ಐಎನ್‌ಝಡ್, ಹೂಡಿಕೆ ಸಲಹೆಗಾರರಾದರೆ ಐಎನ್‌ಎ, ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್ ಅಂತ ಶುರುವಾಗುತ್ತದೆ. ಸಂಖ್ಯೆ ಕೊಟ್ಟರು ಅಂತ ಸುಮ್ಮನಾಗಬೇಡಿ, ಬೇರೆಯವರ ಸಂಖ್ಯೆಯನ್ನು ಕದ್ದು ಹಾಕಿಕೊಳ್ಳುವುದು ಈಗ ಮಾಮೂಲಿ. ಸೆಬಿ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹುಡುಕಿ, ಅಲ್ಲಿ ಬರೆದಿರುವ ಫೋನ್ ನಂಬರಿಗೆ ನೀವೇ ಕರೆ ಮಾಡಿ ‘ಇಂಥವರು ನಿಮ್ಮವರೇನಾ’ ಅಂತ ಕೇಳಿ. ಸೆಬಿಯಲ್ಲಿ ನೋಂದಣಿ ಆದವರು ಖಚಿತ ಲಾಭದ ಭರವಸೆ ಕೊಡುವಂತಿಲ್ಲ ಅನ್ನುವುದೂ ತಿಳಿದಿರಲಿ.

ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿ ಇವುಗಳ ವಿಷಯ ಬೇರೆ. ಇವು ಕಾನೂನುಬದ್ಧ, ಸದಸ್ಯರಿಂದ ಠೇವಣಿ ಪಡೆಯಬಹುದು. ಎಷ್ಟೋ ಊರುಗಳಲ್ಲಿ ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇರುವ ಠೇವಣಿ ವಿಮೆ ಈ ಸಂಘಗಳಿಗೆ ಇಲ್ಲ. ಸಹಕಾರಿ ಬ್ಯಾಂಕುಗಳಿಗೆ ಇದೆ. ಬೋರ್ಡಿನಲ್ಲಿ ‘ಬ್ಯಾಂಕ್’ ಅಂತ ಇದೆಯಾ, ‘ಸಂಘ’ ಅಂತ ಇದೆಯಾ ನೋಡಿ. ಒಂದು ಶೇಕಡಾ ಜಾಸ್ತಿ ಬಡ್ಡಿಗೆ ನಿವೃತ್ತಿಯ ದುಡ್ಡನ್ನೆಲ್ಲ ಒಂದೇ ಸಂಘದಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ.

ಬೆಂಗಳೂರಿನ ಐಎಂಎ ಪ್ರಕರಣ ನೆನಪಿರಬಹುದು. 2006ರಲ್ಲಿ ಶುರುವಾದ ಸಂಸ್ಥೆ ಹದಿಮೂರು ವರ್ಷ ನಡೆಯಿತು. ಧರ್ಮಕ್ಕೆ ಒಪ್ಪುವ ಹೂಡಿಕೆ, ಬಡ್ಡಿ ಇಲ್ಲ, ಲಾಭದ ಪಾಲು ಅಂತ ಹೇಳಿ ಜನರಿಂದ ದುಡ್ಡು ಪಡೆಯಿತು. ಒಡವೆ ಅಂಗಡಿ ಇತ್ತು. ಶಿವಾಜಿನಗರದ ಒಂದು ಸರ್ಕಾರಿ ಶಾಲೆಯನ್ನು ದತ್ತು ಪಡೆದು ಅಭಿವೃದ್ಧಿ ಮಾಡಿಸಿತ್ತು. ಇಷ್ಟೆಲ್ಲ ಕಣ್ಣೆದುರು ಇದ್ದಾಗ ಯಾರಿಗೆ ತಾನೇ ಅನುಮಾನ ಬರುತ್ತೆ? 2019ರ ಜೂನಿನಲ್ಲಿ ಸಂಸ್ಥಾಪಕ ದುಬೈಗೆ ಹೋದರು. ಅವರದೆನ್ನಲಾದ ಒಂದು ಆಡಿಯೊ ಕ್ಲಿಪ್ ಹರಿದಾಡಿತು, ಶಿವಾಜಿನಗರದ ಆಫೀಸಿನ ಮುಂದೆ ಸಾವಿರಾರು ಜನ ಸೇರಿದರು. ಮುಂದಿನ ತಿಂಗಳು ದೆಹಲಿಯಲ್ಲಿ ಅವರ ಬಂಧನವಾಯಿತು. 40,000ಕ್ಕೂ ಹೆಚ್ಚು ದೂರು ಬಂದವು. ಸಂಗ್ರಹವಾಗಿದ್ದ ದುಡ್ಡು ಸುಮಾರು 4,000 ಕೋಟಿ ಅಂತ ತನಿಖೆ ಮಾಡಿದವರು ಹೇಳಿದರು. ಇಲ್ಲಿ ಹೂಡಿಕೆದಾರರನ್ನು ಕಾಗದದ ಮೇಲೆ ಠೇವಣಿದಾರರು ಅನ್ನುತ್ತಲೇ ಇರಲಿಲ್ಲ, ಪಾಲುದಾರರು ಅನ್ನುತ್ತಿದ್ದರು. ಅದಕ್ಕೇ ಮುಂದಿನ ಹಂತ.

ಹಂತ 3: ರಸೀದಿ ಓದಿ

ಇದನ್ನು ಮಾಡುವವರು ತೀರಾ ಕಡಿಮೆ. ದುಡ್ಡು ಕೊಡುವ ಮೊದಲೇ ‘ನಿಮ್ಮ ರಸೀದಿ ಹೇಗಿರುತ್ತೆ, ಒಂದು ಮಾದರಿ ತೋರಿಸಿ’ ಅಂತ ಕೇಳಿ. ಮನೆಗೆ ತಂದು ನಿಧಾನವಾಗಿ ಓದಿ.

ಯಾವ ಬಾಬ್ತು ದುಡ್ಡು ಬಂತು ಅಂತ ಬರೆಯುವ ಜಾಗ ನೋಡಿ. ಬಾಯಲ್ಲಿ ‘ಎಫ್‌ಡಿ ಇದ್ದ ಹಾಗೆ’ ಅಂದಿರುತ್ತಾರೆ. ರಸೀದಿಯಲ್ಲಿ ‘ಕೈಗಡ’ ಅಂತ ಇರುತ್ತದೆ. ಇಲ್ಲವೇ ‘ಪಾಲುದಾರಿಕೆ ಬಂಡವಾಳ’, ‘ನಿವೇಶನದ ಮುಂಗಡ’, ‘ಮೆಂಬರ್‌ಶಿಪ್ ಶುಲ್ಕ’, ‘ದೇಣಿಗೆ’. ಪಾಲುದಾರ ಅಂದ ಮೇಲೆ ‘ವ್ಯಾಪಾರದಲ್ಲಿ ನಷ್ಟ ಆಯ್ತು, ನಿಮ್ಮ ಪಾಲಿಗೂ ನಷ್ಟ’ ಅನ್ನಬಹುದು. ದೇಣಿಗೆ ಅಂದ ಮೇಲೆ ವಾಪಸ್ ಕೇಳುವುದೇ ಕಷ್ಟ. ಬಾಯಿಮಾತಿಗೂ ರಸೀದಿಗೂ ತಾಳೆ ಆಗದಿದ್ದರೆ ವ್ಯವಹಾರ ಅಲ್ಲಿಗೇ ಬಿಡಿ.

ಆಮೇಲೆ ಹೆಸರು. ಬೋರ್ಡಿನಲ್ಲಿ ಒಂದು ಹೆಸರು, ರಸೀದಿಯಲ್ಲಿ ಇನ್ನೊಂದು, ಯುಪಿಐ ಮಾಡುವಾಗ ಪರದೆಯ ಮೇಲೆ ಬರುವುದು ಮತ್ಯಾರದೋ ಹೆಸರು. ‘ಅದು ನಮ್ಮ ಅಕೌಂಟೆಂಟ್ ಹೆಸರು, ಟ್ಯಾಕ್ಸ್ ಪ್ರಾಬ್ಲಂ ಆಗಬಾರದು ಅಂತ’ ಅನ್ನುತ್ತಾರೆ. ಒಪ್ಪಬೇಡಿ. ನಗದು ಕೊಡಲೇಬೇಡಿ.

‘ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡ್ತೀವಿ’ ಅಂದರೆ ನಮ್ಮವರಿಗೆ ಅರ್ಧ ನಂಬಿಕೆ ಬಂದೇಬಿಡುತ್ತದೆ. ಆ ಕಾಗದದ ಮೇಲೆ ಏನು ಬರೆದಿದೆಯೋ ಅದಕ್ಕೆ ಸರ್ಕಾರ ಜವಾಬ್ದಾರಿ ಅಲ್ಲ, ಸರ್ಕಾರಕ್ಕೆ ಶುಲ್ಕ ಸಂದಿದೆ ಅಂತ ಮಾತ್ರ ಅದರ ಅರ್ಥ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯಂತೂ ಛಾಪಾ ಕಾಗದವನ್ನೇ ನಕಲಿ ಮಾಡಿ ದೇಶದ ಉದ್ದಗಲಕ್ಕೂ ಮಾರಿಸಿದ್ದ. ಈಗಿನ ಇ-ಸ್ಟಾಂಪಿನ ಸರ್ಟಿಫಿಕೇಟ್ ಸಂಖ್ಯೆಯನ್ನು ಆನ್‌ಲೈನಿನಲ್ಲಿ ಪರೀಕ್ಷಿಸಬಹುದು. ಅದು ಅಸಲಿ ಅಂತ ಬಂದರೂ ಸ್ಕೀಮ್ ಅಸಲಿ ಅಂತ ಆಗುವುದಿಲ್ಲ.

ಮುಂದಿನ ತಾರೀಖಿನ ಚೆಕ್ ಕೊಟ್ಟರೆ ಒಂದು ವಿಷಯ ನೆನಪಿಡಿ. ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ, ಬ್ಯಾಂಕಿನಿಂದ ಆ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ‘ಈಗ ಹಾಕಬೇಡಿ ಸರ್, ಮುಂದಿನ ತಿಂಗಳು ಹಾಕಿ’ ಅಂತ ಫೋನ್ ಮೇಲೆ ಫೋನ್ ಮಾಡುವುದು ಈ ಗಡುವು ದಾಟಿಸಲಿಕ್ಕೇ.

ಹಂತ 4: ಚೀಟಿ ಆದರೆ

ಚೀಟಿ ವ್ಯವಹಾರ ಮೋಸ ಅಲ್ಲ. 1982ರ ಚಿಟ್ ಫಂಡ್ ಕಾಯ್ದೆ ಅದಕ್ಕೆಂದೇ ಇದೆ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ನೋಂದಾಯಿತ ಚೀಟಿಯಲ್ಲಿ ನಡೆಸುವವರು ಚೀಟಿ ಮೊತ್ತದಷ್ಟು ಭದ್ರತೆ ಇಡಬೇಕು, ಕಮಿಷನ್ ಶೇ 7 ಮೀರುವಂತಿಲ್ಲ, ಪ್ರತಿ ಚೀಟಿ ಗುಂಪಿಗೂ ಮೊದಲೇ ಅನುಮತಿ ಬೇಕು. ಆ ಅನುಮತಿ ಪತ್ರವನ್ನು ಕೇಳಿ ನೋಡಿ.

ಬೀದಿಯಲ್ಲಿ ಅಕ್ಕನೋ ಅಣ್ಣನೋ ನಂಬಿಕೆ ಮೇಲೆ ನಡೆಸುವ ಚೀಟಿಗೆ ಇದ್ಯಾವುದೂ ಇರುವುದಿಲ್ಲ. ಆದರೂ ಜನ ಹಾಕುತ್ತಾರೆ, ಕಷ್ಟಕ್ಕೆ ಆಗುತ್ತದೆ. ಹಾಕಿದ್ದರೆ ಒಂದು ಮಾತಿಗಾಗಿ ಕಿವಿ ತೆರೆದಿಟ್ಟಿರಿ: ‘ಚೀಟಿ ಎತ್ತಿದ್ದು ನನ್ನ ಹತ್ರವೇ ಇರಲಿ ಬಿಡಿ, ನೂರಕ್ಕೆ ಮೂರರ ಹಾಗೆ ಬಡ್ಡಿ ಕೊಡ್ತೀನಿ.’ ಈ ಮಾತು ಬಂದ ದಿನವೇ ಚೀಟಿ ಹೋಗಿ ಠೇವಣಿ ಆಯಿತು. ಒಬ್ಬರ ದುಡ್ಡಿನಲ್ಲಿ ಇನ್ನೊಬ್ಬರ ಬಾಯಿ ಮುಚ್ಚಿಸುವ ಕೆಲಸ ಶುರುವಾಗಿದೆ ಅಂತಲೇ ಲೆಕ್ಕ. ದುಡ್ಡು ಎತ್ತಿ ಮನೆಗೆ ತನ್ನಿ. ಕೂಗಿನ ದಿನ ಯಾರೂ ನೋಡಿರದ ಹೆಸರುಗಳಿಗೆ ಪದೇ ಪದೇ ಚೀಟಿ ಹೋಗುತ್ತಿದ್ದರೂ ಅಷ್ಟೇ.

ಹಂತ 5: ದಾಕ್ಷಿಣ್ಯ ದಾಟುವುದು

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಮೋಸ ಮಾಡುವವನು ನಿಮ್ಮ ಮನೆಗೆ ಬರುವುದಿಲ್ಲ. ಬರುವವರು ಸೋದರಮಾವ, ಹಳೇ ಮೇಷ್ಟ್ರು, ಭಜನಾ ಮಂಡಳಿಯ ಕಾರ್ಯದರ್ಶಿ, ಆಫೀಸಿನ ಸಹೋದ್ಯೋಗಿ. ಅವರಿಗೆ ಕಮಿಷನ್ ಬರುತ್ತಿರಬಹುದು, ಆದರೆ ಅವರ ಸ್ವಂತ ದುಡ್ಡೂ ಅದರಲ್ಲಿದೆ, ನಿಜವಾಗಿಯೂ ನಂಬಿದ್ದಾರೆ. ಅವರೆದುರು ‘ಇದು ಮೋಸ’ ಅಂದರೆ ಸಂಬಂಧ ಕೆಡುತ್ತದೆ. ಹಾಗಾಗಿ ಎಷ್ಟೋ ಜನ ‘ಹೋಗಲಿ, ಹತ್ತು ಸಾವಿರ ಹಾಕಿ ತಪ್ಪಿಸಿಕೊಳ್ಳೋಣ’ ಅಂದುಕೊಳ್ಳುತ್ತಾರೆ. ಹತ್ತು ಸಾವಿರಕ್ಕೆ ಮೂರು ತಿಂಗಳು ಸರಿಯಾಗಿ ಬಡ್ಡಿ ಬರುತ್ತದೆ. ನಾಲ್ಕನೇ ತಿಂಗಳು ಎಫ್‌ಡಿ ಮುರಿಯುತ್ತಾರೆ. ಬೇಡ ಅನ್ನುವುದಿದ್ದರೆ ಆ ಮೊದಲ ಹತ್ತು ಸಾವಿರಕ್ಕೇ ಅನ್ನಬೇಕು.

ಹೇಗೆ ಅನ್ನುವುದು? ‘ಮಾವ, ದುಡ್ಡಿನ ವಿಷಯ ಎಲ್ಲ ಅವಳೇ ನೋಡ್ಕೊಳ್ಳೋದು, ಅವಳು ಪೋಸ್ಟ್ ಆಫೀಸ್ ಬಿಟ್ಟು ಬೇರೆ ಎಲ್ಲೂ ಹಾಕಲ್ಲ’ ಅನ್ನಬಹುದು. ಹೆಂಡತಿಯೋ ಗಂಡನೋ ಕೆಟ್ಟವರಾಗಲಿ, ಪರವಾಗಿಲ್ಲ, ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ. ಅಷ್ಟಕ್ಕೂ ಬಿಡದಿದ್ದರೆ ಒಂದು ಪ್ರಶ್ನೆ ಕೇಳಿ: ‘ಕಂಪನಿಯವರು ಕೊಡಲಿಲ್ಲ ಅಂದ್ರೆ ನೀವು ಕೊಡ್ತೀರಾ ಮಾವ? ಹಾಗಾದ್ರೆ ನಿಮ್ಮ ಹೆಸರಲ್ಲೇ ಒಂದು ಪತ್ರ ಬರ್ಕೊಡಿ.’ ಕಾಫಿ ಮುಗಿಯುವ ಮೊದಲೇ ಮಾತು ಬೇರೆ ಕಡೆ ತಿರುಗುತ್ತದೆ.

ಅವರ ಮೇಲೆ ನಿಜವಾದ ಕಾಳಜಿ ಇದ್ದರೆ ಇನ್ನೊಂದು ಹೇಳಿ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ಪ್ರಕಾರ ಇಂಥ ಸ್ಕೀಮಿಗೆ ಜನರನ್ನು ಕರೆಯುವುದೂ ಅಪರಾಧ, ಜೈಲು ಶಿಕ್ಷೆ ಇದೆ. ಕಂಪನಿ ಮುಳುಗಿದ ದಿನ ಜನ ಹುಡುಕಿಕೊಂಡು ಹೋಗುವುದು ಮಾವನ ಮನೆಗೇ.

ಫೋನಿನಲ್ಲಿ ಬರುವ ಸ್ಕೀಮು

ಇದೂ ಅದೇ ಆಟ, ವೇಗ ಮಾತ್ರ ಜಾಸ್ತಿ. ಟೆಲಿಗ್ರಾಂನಲ್ಲಿ ವಿಡಿಯೊಗೆ ಲೈಕ್ ಒತ್ತಿದರೆ ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಬರುತ್ತದೆ. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಅಂತ ನಿಮ್ಮಿಂದ ಕೀಳುವುದು ಶುರು. ವಾಟ್ಸ್ಆ್ಯಪ್ ಗುಂಪಿನ ಶೇರು ಗುರುಗಳ ಆ್ಯಪಿನಲ್ಲಿ ನಿಮ್ಮ ಲಾಭ ಲಕ್ಷಗಟ್ಟಲೆ ಕಾಣುತ್ತದೆ, ತೆಗೆಯಲು ಹೋದರೆ ‘ಮೊದಲು ಟ್ಯಾಕ್ಸ್ ಕಟ್ಟಿ’ ಅನ್ನುತ್ತದೆ. ನಿಮ್ಮದೇ ದುಡ್ಡು ತೆಗೆಯಲು ಮುಂಗಡವಾಗಿ ದುಡ್ಡು ಕಟ್ಟಿ ಅಂದರೆ ಒಂದು ಪೈಸೆಯನ್ನೂ ಕಟ್ಟಬೇಡಿ. ವಿಡಿಯೊ ಕಾಲಿನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಅನ್ನುವವರ ಫೋನ್ ಕಟ್ ಮಾಡಿ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ.

ಈಗಾಗಲೇ ಹಾಕಿಬಿಟ್ಟಿದ್ದರೆ

ಬಡ್ಡಿ ಇನ್ನೂ ಬರ್ತಿದ್ದರೆ ಅಸಲನ್ನು ಇವತ್ತೇ ಕೇಳಿ. ಕಾರಣ ಹೇಳುವುದೇ ಬೇಡ, ಬೇಕು ಅಂತ ಬರೆದು ಕೊಡಿ. ‘ಈಗ ಬಿಟ್ಟರೆ ಬೋನಸ್ ಹೋಗುತ್ತೆ’ ಅಂತಾರೆ, ಹೋಗಲಿ. ಹೊಸದಾಗಿ ಹಾಕಬೇಡಿ, ಯಾರನ್ನೂ ಸೇರಿಸಬೇಡಿ. ‘ಸರ್ವರ್ ಅಪ್‌ಗ್ರೇಡ್’, ‘ಆಡಿಟ್ ನಡೀತಿದೆ’, ‘ಬ್ಯಾಂಕಿನವರು ಅಕೌಂಟ್ ತಡೆಹಿಡಿದಿದ್ದಾರೆ’ ಅನ್ನುವ ಮಾತು ಬಂದರೆ ಕಾಯುವ ಕಾಲ ಮುಗಿಯಿತು.

ಆನ್‌ಲೈನ್ ಮೋಸ ಆಗಿದ್ದರೆ ಮೊದಲ ಕೆಲಸ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ. ಮನೆಯವರಿಗೆ ಹೇಳುವುದು, ಅಳುವುದು ಎಲ್ಲ ಆಮೇಲೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ, ಬೇಗ ಹೇಳಿದರೆ ನಡುವೆ ತಡೆಯಲು ಆಗಬಹುದು. ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ನಾಚಿಕೆಯಿಂದ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ.

ಠೇವಣಿ ಸ್ಕೀಮ್ ಆಗಿದ್ದರೆ ಪೊಲೀಸ್ ಠಾಣೆಗೆ ಹೋಗಿ. ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆ ಇದೆ. ಠೇವಣಿದಾರರ ಹಿತ ಕಾಪಾಡಲೆಂದೇ ರಾಜ್ಯದಲ್ಲಿ 2004ರ ಕಾಯ್ದೆ ಇದೆ. ಅದರಡಿ ಸಕ್ಷಮ ಪ್ರಾಧಿಕಾರ ಆಸ್ತಿ ಮುಟ್ಟುಗೋಲು ಹಾಕಿ, ವಿಶೇಷ ನ್ಯಾಯಾಲಯದ ಮೂಲಕ ಹಂಚಬಹುದು. ಬೇಗ ಆಗುವ ಕೆಲಸ ಅಲ್ಲ. ಜಮೀನಿನ ಹೆಸರಿನಲ್ಲಿ ಜನರಿಂದ ದುಡ್ಡು ಎತ್ತಿದ್ದ ಪಿಎಸಿಎಲ್ ಕಂಪನಿಯ ಪ್ರಕರಣದಲ್ಲಿ ದುಡ್ಡು ವಾಪಸ್ ಕೊಡಿ ಅಂತ ಸೆಬಿ ಆದೇಶಿಸಿದ್ದು 2014ರಲ್ಲಿ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ನ್ಯಾಯಮೂರ್ತಿ ಲೋಧಾ ಸಮಿತಿ ಬಂತು, ಆಮೇಲೆ ಸಣ್ಣ ಮೊತ್ತದವರಿಂದ ಶುರು ಮಾಡಿ ಹಂತ ಹಂತವಾಗಿ ಕೊಟ್ಟರು.

ಈ ಕಾಯುವ ಕಾಲದಲ್ಲೇ ಎರಡನೇ ಮೋಸ ಬರುತ್ತದೆ. ‘ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಫೈಲ್ ಚಾರ್ಜ್ ಮಾತ್ರ ಕಟ್ಟಿ’ ಅಂತ ಫೋನ್ ಬರುತ್ತದೆ. ಮೋಸ ಹೋದವರ ಪಟ್ಟಿ ಅವರ ಕೈಗೆ ಹೇಗೋ ಸಿಕ್ಕಿರುತ್ತದೆ. ಸರ್ಕಾರದ ಯಾವ ಪ್ರಾಧಿಕಾರವೂ ಹಣ ವಾಪಸ್ ಕೊಡಲು ಹೀಗೆ ಫೋನ್ ಮಾಡಿ ಚಾರ್ಜ್ ಕೇಳುವುದಿಲ್ಲ. ‘ಅಸಲು ಬಾಂಡ್ ಕೊಡಿ, ನಾವೇ ಸಲ್ಲಿಸ್ತೀವಿ’ ಅಂತ ಹಳೇ ಏಜೆಂಟ್ ಬಂದರೂ ಕೊಡಬೇಡಿ. ಪಿಎಸಿಎಲ್ ವಿಷಯದಲ್ಲಿ ಸೆಬಿ ಇದನ್ನೇ ಹೇಳಿತ್ತು: ಸಮಿತಿಯಿಂದ ಎಸ್‌ಎಂಎಸ್ ಬರುವವರೆಗೆ ಅಸಲು ಪತ್ರ ಯಾರ ಕೈಗೂ ಕೊಡಬೇಡಿ ಅಂತ. ಎರಡು ಸೆಟ್ ಜೆರಾಕ್ಸ್ ಮಾಡಿಸಿ, ಕೇಳಿದ ಕಡೆ ಅದನ್ನು ಕೊಡಿ. ಅಸಲನ್ನು ಅಧಿಕಾರಿ ಲಿಖಿತವಾಗಿ ಕೇಳಿದರೆ ಮಾತ್ರ, ಸ್ವೀಕೃತಿ ಪತ್ರ ಪಡೆದು ಒಪ್ಪಿಸಿ.